ಮೂರು ಪುಸ್ತಕಗಳಲ್ಲಿ ದೇವಯಾನಿಗೆ ಮೂರು ದೂರ: ಹಳೆಯ ಖಗೋಳ ಪುಸ್ತಕಗಳನ್ನು ಬೀರುವಿನಲ್ಲಿ ಉಳಿಸಬೇಕೇ, ರದ್ದಿಗೆ ಹಾಕಬೇಕೇ?

ಶನಿವಾರದ ಓದು

ಎಲ್ಲರಿಗೂ ನಮಸ್ಕಾರ. ನಮ್ಮದು ಚಿತ್ರದುರ್ಗ ಜಿಲ್ಲೆಯ ಒಂದು ಸಣ್ಣ ಊರು. ನಾಲ್ಕು ವರ್ಷಗಳಿಂದ ಇಲ್ಲಿ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಹದಿನೈದು ಇಪ್ಪತ್ತು ಮಕ್ಕಳು, ನಾಲ್ಕಾರು ಹಿರಿಯರು ಒಂದೆಡೆ ಕೂತು ಪುಸ್ತಕ ಓದುತ್ತೇವೆ. ಎರಡು ಕಬ್ಬಿಣದ ಬೀರುಗಳ ತುಂಬ ದಾನವಾಗಿ ಬಂದ ಪುಸ್ತಕಗಳಿವೆ. ಅವುಗಳಲ್ಲಿ ಗ್ರಹ, ನಕ್ಷತ್ರ, ವಿಶ್ವದ ಹುಟ್ಟಿನ ಬಗ್ಗೆ ಸಾಮಾನ್ಯ ಓದುಗರಿಗಾಗಿ ಬರೆದವೇ ಅರವತ್ತಕ್ಕೂ ಹೆಚ್ಚು.

ಕಳೆದ ಶನಿವಾರ ಎಂಟನೇ ತರಗತಿಯ ಹುಡುಗಿಯೊಬ್ಬಳು ಮೂರು ಪುಸ್ತಕಗಳನ್ನು ನನ್ನ ಮುಂದೆ ಬಿಡಿಸಿಟ್ಟಳು. ಮೂರರಲ್ಲೂ ದೇವಯಾನಿ (ಆಂಡ್ರೊಮಿಡಾ) ಎಂಬ ನಕ್ಷತ್ರಕೂಟದ, ಅಂದರೆ ಗೆಲಾಕ್ಸಿಯ, ಚಿತ್ರವಿತ್ತು. 1948ರಲ್ಲಿ ಅಚ್ಚಾದ, ರಟ್ಟು ಕಳಚಿದ ಇಂಗ್ಲಿಷ್ ಪುಸ್ತಕದಲ್ಲಿ ಅದರ ದೂರ 8 ಲಕ್ಷ ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ) ಎಂದಿತ್ತು. 1974ರ ಕನ್ನಡ ಪುಸ್ತಕದಲ್ಲಿ 22 ಲಕ್ಷ, 2019ರದರಲ್ಲಿ 25 ಲಕ್ಷ. "ಮಿಸ್, ಎಪ್ಪತ್ತೊಂದು ವರ್ಷದಲ್ಲಿ ಇದು 17 ಲಕ್ಷ ಜ್ಯೋತಿರ್ವರ್ಷ ಹಿಂದಕ್ಕೆ ಹೋಯಿತಾ?" ಎಂದು ಕೇಳಿದಳು. ಹಿಂದಿನ ವಾರವಷ್ಟೇ ವಿಶ್ವ ಹಿಗ್ಗುತ್ತಿದೆ ಎಂದು ಓದಿದ್ದೆವು, ಆದ್ದರಿಂದ ಅವಳ ಊಹೆಗೆ ಕಾರಣವಿತ್ತು. ಅಳತೆ ತಿದ್ದುಪಡಿಯಾಗಿದೆ ಎಂದಷ್ಟೇ ಹೇಳಿದೆ, ಏಕೆ ತಿದ್ದುಪಡಿಯಾಯಿತು ಎಂದು ವಿವರಿಸಲು ನನ್ನಿಂದಾಗಲಿಲ್ಲ.

ಈ ವಿಷಯ ನಮ್ಮ ಹಿರಿಯರ ಕಿವಿಗೆ ಬಿದ್ದದ್ದೇ ತಡ, 2000ನೇ ಇಸವಿಗಿಂತ ಹಿಂದಿನ ವಿಜ್ಞಾನ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಿ, ಬಂದ ಹಣಕ್ಕೆ ಇನ್ನಷ್ಟು ಸೇರಿಸಿ ಹೊಸವನ್ನು ತರೋಣ ಎಂದು ಇಬ್ಬರು ಸಲಹೆ ಕೊಟ್ಟರು. ತಪ್ಪು ಓದುವುದಕ್ಕಿಂತ ಓದದಿರುವುದೇ ಲೇಸು ಎಂಬುದು ಅವರ ಮಾತು. ನನಗೆ ಮನಸ್ಸು ಒಪ್ಪುತ್ತಿಲ್ಲ, ಆದರೆ ಎದುರು ವಾದಿಸುವಷ್ಟು ತಿಳಿವಳಿಕೆಯೂ ಇಲ್ಲ. ಬರುವ ತಿಂಗಳು ತೀರ್ಮಾನವಾಗಬೇಕು. ಬಲ್ಲವರು ದಯವಿಟ್ಟು ಹೇಳಿ.

ಬಯಲುಸೀಮೆ

ದಯವಿಟ್ಟು ಹಾಕಬೇಡಿ. ಆ ನಿಯಮವನ್ನು ಹಿಡಿದರೆ ಶಿವರಾಮ ಕಾರಂತರ ವಿಜ್ಞಾನ ಪ್ರಪಂಚ, ಆರ್.ಎಲ್. ನರಸಿಂಹಯ್ಯನವರು ಜಗತ್ತುಗಳ ಹುಟ್ಟುಸಾವಿನ ಬಗ್ಗೆ ಬರೆದದ್ದು, ಜಿ.ಟಿ. ನಾರಾಯಣರಾಯರ ಬಹುಪಾಲು ಬರವಣಿಗೆ, ಎಲ್ಲವೂ ಒಂದೇ ಗಾಡಿಯಲ್ಲಿ ಹೊರಡುತ್ತವೆ. ಅವುಗಳಲ್ಲಿ ಹಲವು ಇಂದು ಹಣ ಕೊಟ್ಟರೂ ಸಿಗುವುದಿಲ್ಲ.

ಗಣಿತ ಮೇಷ್ಟ್ರು

ಆ ಹುಡುಗಿಗೆ ನನ್ನ ಮೆಚ್ಚುಗೆ ತಿಳಿಸಿ. ಮೊದಲು ಅವಳ ಊಹೆಯನ್ನು ಅವಳಿಂದಲೇ ಪರೀಕ್ಷೆ ಮಾಡಿಸಿ. 71 ವರ್ಷದಲ್ಲಿ 17 ಲಕ್ಷ ಜ್ಯೋತಿರ್ವರ್ಷ ಎಂದರೆ ಬೆಳಕಿಗಿಂತ ಸುಮಾರು 24 ಸಾವಿರ ಪಟ್ಟು ವೇಗ. ಅಷ್ಟೇ ಅಲ್ಲ, ದೇವಯಾನಿ ದೂರ ಸರಿಯುತ್ತಲೂ ಇಲ್ಲ, ನಮ್ಮ ಕಡೆಗೇ ಬರುತ್ತಿದೆ. ಅಮೆರಿಕದ ಲೊವೆಲ್ ವೀಕ್ಷಣಾಲಯದಲ್ಲಿ ವೆಸ್ಟೊ ಸ್ಲೈಫರ್ 1912ರಲ್ಲೇ ಅದರ ರೋಹಿತವನ್ನು (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿಯನ್ನು) ತೆಗೆದು, ಸೆಕೆಂಡಿಗೆ ಸುಮಾರು 300 ಕಿ.ಮೀ. ವೇಗದಲ್ಲಿ ಅದು ಸಮೀಪಿಸುತ್ತಿದೆ ಎಂದು ಕಂಡಿದ್ದರು. ವಿಶ್ವ ಹಿಗ್ಗುತ್ತಿದ್ದರೂ ಪಕ್ಕಪಕ್ಕದ ಗೆಲಾಕ್ಸಿಗಳನ್ನು ಅವುಗಳ ಗುರುತ್ವ ಹಿಡಿದಿಟ್ಟುಕೊಂಡಿರುತ್ತದೆ.

ಹಾಗಾದರೆ 8 ಲಕ್ಷ ಎಲ್ಲಿಂದ ಬಂತು? ಅದಕ್ಕೆ ಒಂದು ಬೀದಿದೀಪವನ್ನು ನೆನೆಸಿಕೊಳ್ಳಿ. ಕತ್ತಲಲ್ಲಿ ದೂರದಲ್ಲೊಂದು ಬಲ್ಬ್ ಉರಿಯುತ್ತಿದೆ. ಅದು 25 ವ್ಯಾಟಿನದು ಎಂದು ತಿಳಿದು, ಎಷ್ಟು ಮಂಕಾಗಿದೆ ಎಂಬುದನ್ನು ನೋಡಿ ನೀವು ದೂರವನ್ನು ಲೆಕ್ಕ ಹಾಕಿದಿರಿ. ಆಮೇಲೆ ಯಾರೋ ಬಂದು ಅದು 100 ವ್ಯಾಟಿನ ಬಲ್ಬ್ ಎಂದು ತಿಳಿಸಿದರು. ಪ್ರಕಾಶ ನಾಲ್ಕು ಪಟ್ಟು, ಆದ್ದರಿಂದ ದೂರ ಎರಡು ಪಟ್ಟು. ದೇವಯಾನಿಯ ವಿಷಯದಲ್ಲಿ ಆದದ್ದು ಇದೇ. ಅಲ್ಲಿ ಬಲ್ಬಿನ ಕೆಲಸ ಮಾಡಿದ್ದು ಸೆಫೀಡ್ ಎಂಬ ಮಿಡಿಯುವ ನಕ್ಷತ್ರಗಳು. ಅವು ಎಷ್ಟು ದಿನಕ್ಕೊಮ್ಮೆ ಮಿಡಿಯುತ್ತವೆ ಎಂಬುದರಿಂದ ಅವುಗಳ ನಿಜವಾದ ಪ್ರಕಾಶವನ್ನು ಅರಿಯಬಹುದು ಎಂದು 1912ರಲ್ಲಿ ತೋರಿಸಿಕೊಟ್ಟವರು ಹೆನ್ರಿಯೆಟ್ಟಾ ಲೆವಿಟ್. ಆದರೆ ಸೆಫೀಡ್‌ಗಳಲ್ಲಿ ಎರಡು ಜಾತಿಗಳಿವೆ, ಒಂದು ಇನ್ನೊಂದಕ್ಕಿಂತ ಸುಮಾರು ನಾಲ್ಕು ಪಟ್ಟು ಪ್ರಕಾಶಮಾನ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ.

ಅದನ್ನು ಕಂಡುಹಿಡಿದವರು ವಾಲ್ಟರ್ ಬಾಡೆ. ಎರಡನೇ ಮಹಾಯುದ್ಧದ ದಿನಗಳಲ್ಲಿ ಲಾಸ್ ಏಂಜಲಿಸ್ ನಗರದ ದೀಪಗಳನ್ನು ಆರಿಸಿಟ್ಟಿದ್ದರಿಂದ ಮೌಂಟ್ ವಿಲ್ಸನ್ ಬೆಟ್ಟದ ಮೇಲಿನ ಆಕಾಶ ಎಂದಿಗಿಂತ ಕಪ್ಪಾಗಿತ್ತು. ಬಾಡೆ ಜರ್ಮನಿಯ ಪ್ರಜೆಯಾಗಿದ್ದರಿಂದ ಅವರನ್ನು ಯುದ್ಧದ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ, ಹಾಗಾಗಿ 100 ಅಂಗುಲದ ದೂರದರ್ಶಕ ರಾತ್ರಿಗಟ್ಟಲೆ ಅವರ ಕೈಗೆ ಸಿಕ್ಕಿತು. ದೇವಯಾನಿಯ ನಡುಭಾಗದ ನಕ್ಷತ್ರಗಳನ್ನು ಬಿಡಿಬಿಡಿಯಾಗಿ ಕಂಡದ್ದು ಆಗ. ಮುಂದೆ ಪಾಲೋಮಾರ್‌ನ 200 ಅಂಗುಲದ ದೂರದರ್ಶಕದಿಂದ ನೋಡಿದಾಗ, ದೇವಯಾನಿ ಹಳೆಯ ಲೆಕ್ಕದಷ್ಟೇ ಹತ್ತಿರವಿದ್ದಿದ್ದರೆ ಕಾಣಲೇಬೇಕಾಗಿದ್ದ ಕೆಲವು ನಕ್ಷತ್ರಗಳು ಕಾಣಲಿಲ್ಲ. 1952ರಲ್ಲಿ ರೋಮ್‌ನಲ್ಲಿ ನಡೆದ ಖಗೋಳಜ್ಞರ ಸಮ್ಮೇಳನದಲ್ಲಿ ಅವರು ದೂರಗಳನ್ನೆಲ್ಲ ಎರಡು ಪಟ್ಟು ಮಾಡಬೇಕು ಎಂದರು. ನಿಮ್ಮ ಮೊದಲ ಪುಸ್ತಕ ಅದಕ್ಕಿಂತ ನಾಲ್ಕು ವರ್ಷ ಹಿಂದಿನದು, ಎರಡನೆಯದು 22 ವರ್ಷ ಮುಂದಿನದು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ ಈ ಕಥೆಯೆಲ್ಲ ಅಲ್ಲಿಯೇ ಇದೆ. ಒಂದನ್ನು ರದ್ದಿಗೆ ಹಾಕಿದ್ದರೆ ಆ ಹುಡುಗಿಗೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಕಡಲತಡಿ

ಮೇಷ್ಟ್ರ ವಿವರಣೆ ಚೆನ್ನಾಗಿದೆ, ಆದರೆ ಪ್ರತಿ ಬೀರುವಿನ ಪಕ್ಕದಲ್ಲೂ ಒಬ್ಬ ಮೇಷ್ಟ್ರು ಕೂತಿರುವುದಿಲ್ಲ. ಮಕ್ಕಳು ಒಬ್ಬರೇ ಓದುತ್ತಾರೆ, ಓದಿದ್ದನ್ನು ನಂಬುತ್ತಾರೆ. 2023ರಲ್ಲಿ ನನ್ನ ಮಗ ರಸಪ್ರಶ್ನೆಯೊಂದರ ಕೊನೆಯ ಸುತ್ತಿನಲ್ಲಿ ಶನಿಗ್ರಹಕ್ಕೆ 10 ಉಪಗ್ರಹಗಳು ಎಂದು ಉತ್ತರ ಕೊಟ್ಟ. ಅವರು ಬಯಸಿದ್ದ ಉತ್ತರ 146. ಅವನು ಓದಿದ್ದು ಶಾಲೆಯ ಗ್ರಂಥಾಲಯದಲ್ಲಿದ್ದ, ಶನಿಯ ಬಳಿ ಹಾದುಹೋದ ವಾಯೇಜರ್ ನೌಕೆಗಳಿಗಿಂತ ಹಿಂದಿನ ಕಾಲದ ಪುಸ್ತಕ. ಅವನು ಅತ್ತದ್ದು ಬಹುಮಾನಕ್ಕಾಗಿ ಅಲ್ಲ, ಪುಸ್ತಕವೇ ಸುಳ್ಳು ಹೇಳಿತಲ್ಲ ಎಂದು. ಆಮೇಲೆ ಬಹಳ ದಿನ ಆ ಕಡೆಗೆ ಹೋಗಲೇ ಇಲ್ಲ. ಹಳೆಯ ಪುಸ್ತಕಗಳ ಬಗ್ಗೆ ಪ್ರೀತಿ ಇರುವ ದೊಡ್ಡವರು ಅವುಗಳನ್ನು ತಮ್ಮ ಮನೆಯಲ್ಲಿ ಇಟ್ಟುಕೊಳ್ಳಲಿ, ಮಕ್ಕಳ ಬೀರುವಿನಲ್ಲಿ ಬೇಡ ಎಂಬುದು ನನ್ನ ಅಭಿಪ್ರಾಯ.

ಕೃತ್ತಿಕಾ

ಕಡಲತಡಿ ಅವರೇ, ನಿಮ್ಮ ಮಗನಿಗೆ ಆದ ನೋವು ಅರ್ಥವಾಗುತ್ತದೆ. ಆದರೆ 2025ರ ಮಾರ್ಚಿನಲ್ಲಿ ಶನಿಗೆ ಇನ್ನೂ 128 ಉಪಗ್ರಹಗಳನ್ನು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಮಾನ್ಯ ಮಾಡಿ, ಒಟ್ಟು ಸಂಖ್ಯೆ 274 ಆಯಿತು. ಅಂದು ಸರಿ ಎಂದ 146 ಎರಡೇ ವರ್ಷಗಳಲ್ಲಿ ಹಳತಾಯಿತು. ಈ ಲೆಕ್ಕದಲ್ಲಿ 2023ರ ಪುಸ್ತಕವನ್ನೂ ಹೊರಗಿಡಬೇಕಾಗುತ್ತದೆ. ಉಪಗ್ರಹಗಳ ಸಂಖ್ಯೆಯನ್ನು ಕೇಳುವ ರಸಪ್ರಶ್ನೆಯಲ್ಲೇ ದೋಷವಿದೆ ಎಂದು ನನಗನ್ನಿಸುತ್ತದೆ.

ಕಡಲತಡಿ

ಹಾಗೆಂದು 10 ಮತ್ತು 146 ಒಂದೇ ಬಗೆಯ ತಪ್ಪು ಎನ್ನಲಾಗದು.

ಗ್ರಂಥಪಾಲಕಿ (ನಿವೃತ್ತ)

ಮೂವತ್ತೊಂದು ವರ್ಷ ಪುಸ್ತಕಗಳ ನಡುವೆ ಕೆಲಸ ಮಾಡಿದ ಅನುಭವದಿಂದ ಎರಡು ಮಾತು ಹೇಳುತ್ತೇನೆ.

ಮೊದಲನೆಯದಾಗಿ, ಪುಸ್ತಕದ ಮೇಲಿರುವ ಇಸವಿಯನ್ನು ನಂಬಬೇಡಿ. ರಕ್ಷಾಪುಟ ಹೊಸದಾಗಿರುತ್ತದೆ, ಒಳಗೆ 2012 ಎಂದು ಅಚ್ಚಾಗಿರುತ್ತದೆ, ಆದರೆ ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ "ಮೊದಲ ಮುದ್ರಣ 1976" ಎಂದಿರುತ್ತದೆ. ಪರಿಷ್ಕೃತ ಆವೃತ್ತಿ ಎಂಬ ಮಾತು ಅಲ್ಲಿ ಇಲ್ಲದಿದ್ದರೆ ಒಳಗಿನ ವಿಷಯ 1976ರದೇ. 2000 ಎಂಬ ಗೆರೆ ಎಳೆದು ಪುಸ್ತಕ ಹೊರಹಾಕಿದರೆ ಇಂಥ ಮರುಮುದ್ರಣಗಳು ಬೀರುವಿನಲ್ಲೇ ಉಳಿಯುತ್ತವೆ, 1999ರಲ್ಲಿ ಎಚ್ಚರದಿಂದ ಬರೆದ ಒಳ್ಳೆಯ ಪುಸ್ತಕ ಹೋಗಿಬಿಡುತ್ತದೆ.

ಎರಡನೆಯದು, ನಮ್ಮಲ್ಲಿ ಹಿಂದೆ ಪಾಲಿಸುತ್ತಿದ್ದ ಒಂದು ಪದ್ಧತಿ. ವಿಜ್ಞಾನ ಪುಸ್ತಕದ ರಟ್ಟಿನ ಒಳಬದಿಯಲ್ಲಿ ಒಂದು ಚೀಟಿ ಅಂಟಿಸುತ್ತಿದ್ದೆವು. ಅದರಲ್ಲಿ ವಿಷಯ ಯಾವ ವರ್ಷದವರೆಗಿನದು, ಆಮೇಲೆ ಬದಲಾದ ಮುಖ್ಯ ಸಂಗತಿ ಯಾವುದು, ಅದನ್ನು ಯಾವ ಪುಸ್ತಕದಲ್ಲಿ ಓದಬಹುದು ಎಂಬ ಮೂರು ಸಾಲುಗಳು ಇರುತ್ತಿದ್ದವು. ಕಡಲತಡಿ ಅವರ ಆತಂಕಕ್ಕೂ ಇದೇ ಉತ್ತರ. ಮಗುವಿನ ಪಕ್ಕದಲ್ಲಿ ಮೇಷ್ಟ್ರು ಇಲ್ಲದಿದ್ದರೂ ಚೀಟಿ ಇರುತ್ತದೆ.

ಅನುವಾದದ ಮೇಜು

ಚೀಟಿಯ ಸಲಹೆ ನನಗೆ ಬಹಳ ಹಿಡಿಸಿತು. ಆದರೆ ಆ ಚೀಟಿ ಹೊಸ ಪುಸ್ತಕಗಳಿಗೂ ಬೇಕು ಎಂದು ಸೇರಿಸುತ್ತೇನೆ. ಅನುವಾದಿತ ಪುಸ್ತಕಗಳಲ್ಲಿ ಅತಿ ಹೆಚ್ಚು ತಪ್ಪು ಕಾಣುವುದು ದೊಡ್ಡ ಸಂಖ್ಯೆಗಳಲ್ಲಿ. ಬಿಲಿಯನ್ ಎಂದರೆ 100 ಕೋಟಿ, ಅಂದರೆ ಶತಕೋಟಿ. ಟ್ರಿಲಿಯನ್ ಎಂದರೆ ಲಕ್ಷ ಕೋಟಿ. ಈಚಿನ ವರ್ಷಗಳಲ್ಲಿ ಬಂದ, ನುಣುಪು ಕಾಗದದ ಒಂದು ಮಕ್ಕಳ ಪುಸ್ತಕದಲ್ಲಿ ವಿಶ್ವದ ವಯಸ್ಸು 13.8 ಕೋಟಿ ವರ್ಷ ಎಂದು ಅಚ್ಚಾಗಿದೆ. ಸರಿಯಾದದ್ದು 1,380 ಕೋಟಿ. ನನ್ನ ತಂಗಿಯ ಮಗಳು ಅದನ್ನು ಓದಿ, "ದೊಡ್ಡಮ್ಮ, ಡೈನೊಸಾರ್ ಹುಟ್ಟಿದ್ದು 23 ಕೋಟಿ ವರ್ಷದ ಹಿಂದೆ ಅಂತ ಇನ್ನೊಂದು ಪುಸ್ತಕದಲ್ಲಿದೆ, ಆಗ ವಿಶ್ವವೇ ಇರಲಿಲ್ಲವಾ?" ಎಂದಳು. ಪುಟ ಅದೆಷ್ಟು ಸುಂದರವಾಗಿತ್ತು ಎಂದರೆ ನಾನೂ ಆ ತಪ್ಪನ್ನು ದಾಟಿ ಮುಂದೆ ಹೋಗಿಬಿಟ್ಟಿದ್ದೆ.

ಹಳೆಯ ಬ್ರಿಟಿಷ್ ಪುಸ್ತಕಗಳಲ್ಲಿ ಇನ್ನೊಂದು ತೊಡಕಿದೆ. 1974ರಲ್ಲಿ ಅಲ್ಲಿನ ಸರ್ಕಾರ ಅಮೆರಿಕದ ಪದ್ಧತಿಯನ್ನು ಒಪ್ಪಿಕೊಳ್ಳುವವರೆಗೆ ಬ್ರಿಟನ್ನಿನಲ್ಲಿ ಬಿಲಿಯನ್ ಎಂದರೆ ಹತ್ತು ಲಕ್ಷದ ಹತ್ತು ಲಕ್ಷ ಪಟ್ಟು, ಅಂದರೆ ಲಕ್ಷ ಕೋಟಿ. ನಿಮ್ಮ 1948ರ ಪುಸ್ತಕ ಲಂಡನ್ನಿನಲ್ಲಿ ಅಚ್ಚಾದದ್ದಾದರೆ ಇದನ್ನು ಮೊದಲು ನೋಡಿಕೊಳ್ಳಿ.

ಪದಗಳ ವಿಷಯಕ್ಕೂ ಒಂದು ಮಾತು. ಹಳೆಯ ಕನ್ನಡ ಪುಸ್ತಕಗಳಲ್ಲಿ "ದೇವಯಾನಿ ನೀಹಾರಿಕೆ" ಎಂದು ಓದಿ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಇಂದು ನೀಹಾರಿಕೆ ಎಂಬ ಪದವನ್ನು ಅನಿಲ ಮತ್ತು ಧೂಳಿನ ಮೋಡಕ್ಕೆ ಮೀಸಲಿಟ್ಟು, ಕೋಟಿಗಟ್ಟಲೆ ನಕ್ಷತ್ರಗಳ ಕೂಟವನ್ನು ಗೆಲಾಕ್ಸಿ ಎನ್ನುತ್ತೇವೆ. ಹಿಂದಿನವರು ಎರಡಕ್ಕೂ ಒಂದೇ ಪದ ಬಳಸಿದ್ದು ಅಜ್ಞಾನದಿಂದಲ್ಲ. 1920ರ ದಶಕದವರೆಗೆ ಅವು ಎರಡೂ ಬೇರೆ ಎಂಬುದು ಖಗೋಳಜ್ಞರಲ್ಲೇ ತೀರ್ಮಾನವಾಗಿರಲಿಲ್ಲ, ಆ ಪದದ ಬಳಕೆ ಆಮೇಲೂ ಕೆಲವು ದಶಕ ಮುಂದುವರಿಯಿತು.

ತೋಟದ ಮನೆ

ಹಳೆಯ ಕನ್ನಡ ಪುಸ್ತಕಗಳನ್ನು ಉಳಿಸಿಕೊಳ್ಳಲು ನನ್ನಲ್ಲಿ ಬೇರೆಯೇ ಕಾರಣವಿದೆ. ಅವುಗಳಲ್ಲಿ ಲುಬ್ಧಕ, ರೋಹಿಣಿ, ಚಿತ್ತಾ, ಸ್ವಾತಿ, ಜ್ಯೇಷ್ಠಾ ಎಂಬ ಹೆಸರುಗಳಿವೆ. ಈಚಿನ ಅನುವಾದಗಳಲ್ಲಿ ಸಿರಿಯಸ್, ಆಲ್ಡೆಬರಾನ್, ಸ್ಪೈಕಾ, ಆರ್ಕ್ಟುರಸ್, ಆಂಟಾರಿಸ್ ಮಾತ್ರ ಉಳಿದಿವೆ. ಹೊಲದ ಕೆಲಸ ಬಲ್ಲ ನಮ್ಮ ಮನೆಯ ಹಿರಿಯರಿಗೆ ಮೊದಲ ಪಟ್ಟಿಯ ಪ್ರತಿ ಹೆಸರೂ ಗೊತ್ತು, ಎರಡನೆಯದರಲ್ಲಿ ಒಂದೂ ತಿಳಿಯದು.

ನಮ್ಮ ತಾಯಿಗೆ ಓದು ಬರುವುದಿಲ್ಲ. ಭರಣಿ ಮಳೆ, ಮೃಗಶಿರ ಮಳೆ, ಆರಿದ್ರಾ ಮಳೆ ಎಂದು ವರ್ಷವಿಡೀ ಲೆಕ್ಕ ಇಟ್ಟುಕೊಂಡು ಬಿತ್ತನೆ ಮಾಡಿಸಿದವರು. ಒಮ್ಮೆ ನಾನು ಹಳೆಯ ಪುಸ್ತಕವೊಂದರಿಂದ ಆರಿದ್ರಾ ನಕ್ಷತ್ರದ ಬಗ್ಗೆ ಓದಿ ಹೇಳುತ್ತಿದ್ದೆ. ಅದು ಕೆಂಪು ದೈತ್ಯ ನಕ್ಷತ್ರ, ಸೂರ್ಯನ ಜಾಗದಲ್ಲಿ ಇಟ್ಟರೆ ಭೂಮಿಯ ಕಕ್ಷೆಯನ್ನೂ ನುಂಗುವಷ್ಟು ದೊಡ್ಡದು ಎಂದೆ. "ಹಂಗಾದ್ರೆ ಆರಿದ್ರಾ ಮಳೇಲಿ ಅದನ್ನ ತೋರಿಸು" ಎಂದರು. ಜೂನ್ ಕೊನೆಯ ವಾರ ಮೋಡ ಸರಿದ ಒಂದು ಸಂಜೆ ಇಬ್ಬರೂ ಕಣದಲ್ಲಿ ನಿಂತು ಹುಡುಕಿದೆವು, ಸಿಗಲಿಲ್ಲ. ಬಳಿಕ ಪುಸ್ತಕವನ್ನು ಸರಿಯಾಗಿ ಓದಿದಾಗ ತಿಳಿಯಿತು: ಆರಿದ್ರಾ ಮಳೆ ಎಂದರೆ ಸೂರ್ಯ ಆರಿದ್ರಾ ನಕ್ಷತ್ರದ ಭಾಗದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳು. ಸೂರ್ಯನ ಜೊತೆಯಲ್ಲೇ ಹುಟ್ಟಿ ಜೊತೆಯಲ್ಲೇ ಮುಳುಗುವ ನಕ್ಷತ್ರ ಕಾಣುವುದಾದರೂ ಹೇಗೆ? ಪುಷ್ಯ ಮಾಸದ ಚಳಿಯಲ್ಲಿ ಅದೇ ಕಣದಲ್ಲಿ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಹೆಗಲ ಮೇಲೆ ಕೆಂಪಗೆ ಹೊಳೆಯುತ್ತಿದ್ದ ಆರಿದ್ರೆಯನ್ನು ತೋರಿಸಿದೆ. ತಾಯಿ ಬಹಳ ಹೊತ್ತು ನೋಡಿದರು. ಎಪ್ಪತ್ತು ವರ್ಷ ಅದರ ಹೆಸರು ಹೇಳಿಕೊಂಡು ಬದುಕಿದವರು ಅದನ್ನು ಗುರುತಿಸಿ ನೋಡಿದ್ದು ಅಂದೇ ಮೊದಲು.

ಅದೇ ನಕ್ಷತ್ರವನ್ನು ಬೀಟಲ್‌ಜೂಸ್ ಎಂದಷ್ಟೇ ಬರೆದಿದ್ದರೆ ನಮ್ಮ ಮನೆಯಲ್ಲಿ ಈ ಮಾತುಕತೆಯೇ ನಡೆಯುತ್ತಿರಲಿಲ್ಲ.

ಬಯಲುಸೀಮೆ

ಕಣ್ಣು ತುಂಬಿ ಬಂತು.

ಸೀಮೆಸುಣ್ಣ

ನನ್ನದೊಂದು ಸಣ್ಣ ಪ್ರಶ್ನೆ, ಇಲ್ಲಿಗೆ ಸಂಬಂಧಿಸಿದ್ದೇ. ಹೊಸ ಪುಸ್ತಕವೊಂದರಲ್ಲಿಯೇ ವಿಶ್ವದ ವಯಸ್ಸು 1,380 ಕೋಟಿ ವರ್ಷ ಎಂದಿದೆ, ನಾಲ್ಕು ಪುಟ ಬಿಟ್ಟು ನಮಗೆ ಕಾಣಬಲ್ಲ ವಿಶ್ವದ ಅಂಚು 4,600 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ ಎಂದಿದೆ. ಬೆಳಕು 1,380 ಕೋಟಿ ವರ್ಷಗಳಲ್ಲಿ ಅಷ್ಟು ದೂರದಿಂದ ಬರಲು ಹೇಗೆ ಸಾಧ್ಯ? ಇದೂ ಅನುವಾದದ ತಪ್ಪೇ?

ಕೃತ್ತಿಕಾ

ತಪ್ಪಲ್ಲ, ಎರಡೂ ಸರಿ. ಬೆಳಕು ಹೊರಟಾಗ ಆ ಜಾಗ ನಮಗೆ ಬಹಳ ಹತ್ತಿರವಿತ್ತು. ಅದು ದಾರಿಯಲ್ಲಿರುವಾಗಲೇ, ದಾಟಿ ಬಂದ ದಾರಿಯೂ ಅದರ ಹಿಂದೆ ಹಿಗ್ಗುತ್ತಾ ಹೋಯಿತು. 4,600 ಕೋಟಿ ಎಂಬುದು ಆ ಜಾಗ ಈಗ ಇರುವ ದೂರ, ಬೆಳಕು ನಡೆದ ವರ್ಷಗಳ ಲೆಕ್ಕವಲ್ಲ. ಈ ಒಂದು ವಾಕ್ಯವನ್ನು ಲೇಖಕರು ಅಲ್ಲೇ ಸೇರಿಸಬೇಕಿತ್ತು. ಎರಡು ಸಂಖ್ಯೆಗಳು ಹೊಂದುವುದಿಲ್ಲ ಎಂದಾಗಲೆಲ್ಲ ಒಂದು ಹಳತು, ಇನ್ನೊಂದು ಹೊಸತು ಎಂದಾಗಬೇಕಿಲ್ಲ. ಕೆಲವೊಮ್ಮೆ ಅವು ಬೇರೆ ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳಾಗಿರುತ್ತವೆ.

ಹೊರನಾಡ ಕನ್ನಡಿಗ

ನಾನಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಇಲ್ಲಿನ ಹೋಮ್‌ಡೆಲ್‌ನಲ್ಲಿ ಕಹಳೆಯ ಆಕಾರದ ಆ ಹಳೆಯ ಆಂಟೆನಾ ಇಂದಿಗೂ ಇದೆ. 1964ರಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಎಂಬ ಇಬ್ಬರಿಗೆ ಆಕಾಶದ ಯಾವ ದಿಕ್ಕಿಗೆ ತಿರುಗಿಸಿದರೂ ಅದರಲ್ಲಿ ಒಂದೇ ಸಮನೆ ಗುಂಯ್‌ಗುಡುವ ಸದ್ದು ಸಿಗುತ್ತಿತ್ತು. ಆಂಟೆನಾದೊಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ, ಹಿಕ್ಕೆ ಬಳಿದು ಸ್ವಚ್ಛ ಮಾಡಿದ ಮೇಲೂ ಅದು ಹೋಗಲಿಲ್ಲ. ಅದು ವಿಶ್ವದ ಬಾಲ್ಯದ ಬಿಸಿಯ ಉಳಿಕೆ ಎಂದು 1965ರಲ್ಲಿ ಸ್ಪಷ್ಟವಾಯಿತು. 1978ರಲ್ಲಿ ಅವರಿಗೆ ನೊಬೆಲ್ ಬಂತು.

ಇದನ್ನು ಹೇಳಲು ಕಾರಣವಿದೆ. ಊರಿಂದ ಬರುವಾಗ ತಂದೆಯವರ ಪೆಟ್ಟಿಗೆಯಿಂದ ನಾನು ತಂದದ್ದು 1960ರ ಸುಮಾರಿನ ಪುಸ್ತಕ. ಅದರಲ್ಲಿ ಎರಡು ಸಿದ್ಧಾಂತಗಳನ್ನು ಎದುರುಬದುರು ಕೂರಿಸಿದ್ದಾರೆ. ವಿಶ್ವಕ್ಕೆ ಒಂದು ಆರಂಭವಿತ್ತು ಎಂಬುದು ಒಂದು. ಆರಂಭವೇ ಇಲ್ಲ, ಹಿಗ್ಗಿದ ಜಾಗದಲ್ಲಿ ಹೊಸ ದ್ರವ್ಯ ಸದಾ ಹುಟ್ಟುತ್ತಿರುತ್ತದೆ ಎಂಬ ಫ್ರೆಡ್ ಹಾಯ್ಲ್ ಮತ್ತಿತರರ ವಾದ ಇನ್ನೊಂದು. ಮಹಾಸ್ಫೋಟ ಎಂದು ನಾವು ಕರೆಯುವ ಮಾತಿನ ಇಂಗ್ಲಿಷ್ ಮೂಲವನ್ನು 1949ರ ರೇಡಿಯೊ ಭಾಷಣದಲ್ಲಿ ಮೊದಲು ಬಳಸಿದವರು, ಅದನ್ನು ಒಪ್ಪದ ಆ ಹಾಯ್ಲ್ ಅವರೇ. ನಮ್ಮ ಜಯಂತ ನಾರ್ಳೀಕರ್ ಅವರು ಕೇಂಬ್ರಿಜ್‌ನಲ್ಲಿ ಹಾಯ್ಲ್ ಜೊತೆಗೂಡಿ ಕೆಲಸ ಮಾಡಿದವರು. ಪುಸ್ತಕದ ಲೇಖಕರಿಗೆ ಯಾವುದು ಗೆಲ್ಲುತ್ತದೆ ಎಂದು ಗೊತ್ತಿರಲಿಲ್ಲ, ಆದ್ದರಿಂದ ಎರಡಕ್ಕೂ ನ್ಯಾಯ ಸಲ್ಲಿಸಿ ಬರೆದಿದ್ದಾರೆ. ಇಂದಿನ ಪುಸ್ತಕಗಳಲ್ಲಿ ಸೋತ ಸಿದ್ಧಾಂತಕ್ಕೆ ಸಿಗುವುದು ಒಂದು ಪ್ಯಾರಾ ಮಾತ್ರ, ಅದರಲ್ಲೂ ಬುದ್ಧಿವಂತರು ಅದನ್ನು ನಂಬಿದ್ದೇಕೆ ಎಂಬ ಮಾತಿರುವುದಿಲ್ಲ. ಮಗಳಿಗೆ ಮೊದಲು ಆ ಹಳೆಯ ಅಧ್ಯಾಯವನ್ನು ಓದಿಸಿ, ಯಾವುದು ಸರಿಯಿರಬಹುದು ಎಂದು ಕೇಳಿ, ಆಮೇಲೆ ಹೋಮ್‌ಡೆಲ್‌ಗೆ ಕರೆದುಕೊಂಡು ಹೋದೆ. ಅವಳು ಆಯ್ದುಕೊಂಡಿದ್ದು ಆರಂಭವಿಲ್ಲದ ವಿಶ್ವವನ್ನು. ಆಂಟೆನಾದ ಮುಂದೆ ನಿಂತು ಆ ಸದ್ದಿನ ಕಥೆ ಕೇಳಿದ ಮೇಲೆ, ತಾನು ಸೋತದ್ದು ಹೇಗೆ ಎಂದು ತಾನೇ ವಿವರಿಸಿದಳು.

ಕಡಲತಡಿ

ಇದು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಇಲ್ಲಿಯೂ ಪಕ್ಕದಲ್ಲಿ ನೀವು ಇದ್ದಿರಿ. ಇನ್ನೊಂದು ಮಾತು ಕೇಳುತ್ತೇನೆ: ವಿಶ್ವದ ಹಿಗ್ಗುವಿಕೆಯ ವೇಗ ಹೆಚ್ಚುತ್ತಿದೆ ಎಂದು ಎರಡು ತಂಡಗಳು ಸೂಪರ್‌ನೋವಾಗಳನ್ನು (ಸಿಡಿಯುವ ನಕ್ಷತ್ರಗಳನ್ನು) ಅಳೆದು ತೋರಿಸಿದ್ದು 1998ರಲ್ಲಿ. ಅದಕ್ಕಿಂತ ಹಿಂದಿನ ಪುಸ್ತಕಗಳಲ್ಲಿ ಆ ವೇಗ ಕುಗ್ಗುತ್ತಾ ಹೋಗುತ್ತದೆ ಎಂದೇ ಇದೆ. ಸ್ಟೀಫನ್ ಹಾಕಿಂಗ್ ಅವರ 1988ರ ಜಗತ್ಪ್ರಸಿದ್ಧ ಪುಸ್ತಕವನ್ನು ಬರೆದಾಗಲೂ ಇದು ತಿಳಿದಿರಲಿಲ್ಲ. ಆ ವೇಗವನ್ನು ಹೆಚ್ಚಿಸುವ ಕಾಣದ ಶಕ್ತಿಯೇ ವಿಶ್ವದ ಬಹುಪಾಲು ಎನ್ನುತ್ತಾರೆ. ವಿಶ್ವದ ಬಹುಪಾಲು ಏನು ಎಂಬ ಮೂಲ ಪ್ರಶ್ನೆಗೇ ತಪ್ಪು ಉತ್ತರ ಇರುವ ಪುಸ್ತಕವನ್ನು ಮಗುವಿಗೆ ಕೊಡುವುದು ಹೇಗೆ?

ಗಣಿತ ಮೇಷ್ಟ್ರು

ಮುಖ್ಯವಾದ ಪ್ರಶ್ನೆ, ಇದನ್ನು ಹಾರಿಸಬಾರದು. ಪುಸ್ತಕದ ಎಲ್ಲ ಅಧ್ಯಾಯಗಳೂ ಒಂದೇ ವೇಗದಲ್ಲಿ ಹಳತಾಗುವುದಿಲ್ಲ ಎಂಬುದು ನನ್ನ ಅನುಭವ. ಭೂಮಿ ಸೂರ್ಯನ ಈ ಬದಿಯಲ್ಲಿದ್ದಾಗ ಒಮ್ಮೆ, ಆರು ತಿಂಗಳ ಬಳಿಕ ಆ ಬದಿಯಲ್ಲಿದ್ದಾಗ ಒಮ್ಮೆ ನೋಡಿ ಹತ್ತಿರದ ನಕ್ಷತ್ರದ ದೂರವನ್ನು ಅಳೆಯುವ ವಿಧಾನ, ರೋಹಿತದ ಕಪ್ಪು ಗೆರೆಗಳಿಂದ ನಕ್ಷತ್ರದಲ್ಲಿ ಯಾವ ಧಾತುವಿದೆ ಎಂದು ಓದುವ ಬಗೆ, ಗ್ರಹಣ, ಋತುಗಳು, ಚಂದ್ರನ ವೃದ್ಧಿಕ್ಷಯ, ಇವುಗಳ ಬಗ್ಗೆ 1950ರ ಅಧ್ಯಾಯ ಇಂದಿಗೂ ಸರಿಯೇ. ಎಷ್ಟೋ ಸಲ ಇಂದಿನದಕ್ಕಿಂತ ಹೆಚ್ಚು ತಾಳ್ಮೆಯಿಂದ ಬರೆದಿರುತ್ತಾರೆ, ಏಕೆಂದರೆ ಬಣ್ಣದ ಚಿತ್ರಗಳ ಆಸರೆ ಅವರಿಗಿರಲಿಲ್ಲ. ಬೇಗ ಕೆಡುವುದು ಗ್ರಹಗಳ ಕೋಷ್ಟಕ. ಬುಧಗ್ರಹ ಸದಾ ಒಂದೇ ಮುಖವನ್ನು ಸೂರ್ಯನಿಗೆ ತೋರಿಸುತ್ತದೆ ಎಂದು 1965ಕ್ಕಿಂತ ಹಿಂದಿನ ಪುಸ್ತಕಗಳಲ್ಲೆಲ್ಲ ಇದೆ. ಆ ವರ್ಷ ಪೋರ್ಟೊರಿಕೊದ ಅರೆಸಿಬೊ ರೇಡಿಯೊ ದೂರದರ್ಶಕದಿಂದ ರೇಡಾರ್ ಅಲೆಗಳನ್ನು ಕಳಿಸಿ ನೋಡಿದಾಗ ಅದು ಸುಮಾರು 59 ದಿನಗಳಿಗೊಮ್ಮೆ ಸುತ್ತುತ್ತದೆ ಎಂದು ತಿಳಿಯಿತು. ಶನಿಗೆ ಮಾತ್ರ ಉಂಗುರ ಎಂಬುದು 1977ರವರೆಗಿನ ಮಾತು. ಆ ಮಾರ್ಚಿನಲ್ಲಿ ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡುವ ಹೊತ್ತಿಗೆ ಉಂಗುರಗಳು ಪತ್ತೆಯಾದವು, ತಮಿಳುನಾಡಿನಲ್ಲಿರುವ ನಮ್ಮ ಕಾವಲೂರಿನ 1 ಮೀಟರ್ ದೂರದರ್ಶಕವೂ ಅಂದು ಅದೇ ಕಡೆ ತಿರುಗಿತ್ತು. ಪ್ಲೂಟೊ 2006ರಲ್ಲಿ ಗ್ರಹಗಳ ಪಟ್ಟಿಯಿಂದ ಹೊರಬಿತ್ತು.

ಇನ್ನು ವಿಶ್ವದ ಅಂತ್ಯ ಏನಾಗುತ್ತದೆ ಎಂಬ ಕೊನೆಯ ಅಧ್ಯಾಯ. ಅಲ್ಲಿ ಕಡಲತಡಿ ಅವರ ಮಾತು ಪೂರ್ತಿ ನಿಜ, ಚೀಟಿಯಲ್ಲಿ "ಕೊನೆಯ ಅಧ್ಯಾಯವನ್ನು ಈ ಪುಸ್ತಕದಲ್ಲಿ ಓದಬೇಡಿ, ಹೊಸದರಲ್ಲಿ ಓದಿ" ಎಂದೇ ಬರೆಯಬೇಕು. ಆದರೆ ಹೊಸದರಲ್ಲಿ ಓದುವಾಗಲೂ ಎಚ್ಚರ ಬೇಕು. 2014ರ ಮಾರ್ಚಿನಲ್ಲಿ ದಕ್ಷಿಣ ಧ್ರುವದ ಬೈಸೆಪ್2 ದೂರದರ್ಶಕದ ತಂಡ ವಿಶ್ವದ ಮೊಟ್ಟಮೊದಲ ಕ್ಷಣದ ಗುರುತ್ವ ಅಲೆಗಳ ಗುರುತು ಸಿಕ್ಕಿತೆಂದು ಸಾರಿತು. ಮುಂದಿನ ವರ್ಷದ ಆರಂಭದಲ್ಲೇ ಅದರ ಬಹುಭಾಗ ನಮ್ಮ ಆಕಾಶಗಂಗೆಯ ಧೂಳಿನದು ಎಂದು ತೀರ್ಮಾನವಾಯಿತು. ಇಂದಿಗೂ ಹಿಗ್ಗುವ ದರವನ್ನು ಒಂದು ಬಗೆಯಲ್ಲಿ ಅಳೆದರೆ ಪ್ರತಿ 33 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ ಸುಮಾರು 67 ಕಿ.ಮೀ., ಇನ್ನೊಂದು ಬಗೆಯಲ್ಲಿ ಅಳೆದರೆ ಸುಮಾರು 73 ಕಿ.ಮೀ. ಬರುತ್ತಿದೆ. ನಿಮ್ಮ 2019ರ ಪುಸ್ತಕಕ್ಕೂ ಚೀಟಿ ಬರೆಯುವ ದಿನ ಬರುತ್ತದೆ.

ಕೃತ್ತಿಕಾ

ಹೊಸ ಪುಸ್ತಕಗಳ ಪರವಾಗಿ ಒಂದು ಮಾತು. ನಮ್ಮ ಸುತ್ತಮುತ್ತಲೇ ನಡೆಯುತ್ತಿರುವುದು ಹಳೆಯವುಗಳಲ್ಲಿ ಇರುವುದಿಲ್ಲ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ ಎಂದರೆ ಮಕ್ಕಳು ನಂಬುವುದೇ ಇಲ್ಲ. ಗೌರಿಬಿದನೂರಿನಲ್ಲಿ ಸೂರ್ಯನ ರೇಡಿಯೊ ಅಲೆಗಳನ್ನು ಹಿಡಿಯುವ ಆಂಟೆನಾಗಳ ಸಾಲೇ ಇದೆ. ಹಳೆಯವನ್ನು ಉಳಿಸಿ, ಆದರೆ ಹೊಸದಕ್ಕೆ ಹಣ ಕೂಡಿಸುವುದನ್ನು ನಿಲ್ಲಿಸಬೇಡಿ.

ಶನಿವಾರದ ಓದು

ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಕೃತಜ್ಞತೆ. ಮೂರು ವಾರದಲ್ಲಿ ನಡೆದದ್ದನ್ನು ತಿಳಿಸುತ್ತೇನೆ.

ಬೀದಿದೀಪದ ಲೆಕ್ಕವನ್ನು ಮಕ್ಕಳು ನಿಜವಾದ ಬಲ್ಬುಗಳಿಂದಲೇ ಮಾಡಿ ನೋಡಿದರು. ಅಮಾವಾಸ್ಯೆಯ ಮರುದಿನ ರಾತ್ರಿ ಎಂಟೂವರೆಗೆ ಪಾಲಕರ ಜೊತೆ ಊರ ಹೊರಗಿನ ಗುಡ್ಡಕ್ಕೆ ಹೋದೆವು. ಪೂರ್ವಾಭಾದ್ರ ಮತ್ತು ಉತ್ತರಾಭಾದ್ರದ ನಾಲ್ಕು ನಕ್ಷತ್ರಗಳು ನೆತ್ತಿಯ ಬಳಿ ದೊಡ್ಡ ಚೌಕವಾಗಿ ನಿಂತಿದ್ದವು. ಅದರ ಈಶಾನ್ಯದ ಮೂಲೆಯಿಂದ ಎರಡು ನಕ್ಷತ್ರ ಮುಂದಕ್ಕೆ, ಅಲ್ಲಿಂದ ಎಡಕ್ಕೆ ಎರಡು ಸಣ್ಣ ನಕ್ಷತ್ರ ದಾಟಿ ಹುಡುಕಿದೆವು. ನೇರವಾಗಿ ನೋಡಿದರೆ ಮಾಯವಾಗುತ್ತಿತ್ತು, ಸ್ವಲ್ಪ ಪಕ್ಕಕ್ಕೆ ದೃಷ್ಟಿ ಇಟ್ಟರೆ ಉಸಿರು ಬಿಟ್ಟ ಗಾಜಿನ ಮೇಲಿನ ಮಂಜಿನಂತೆ ಕಾಣುತ್ತಿತ್ತು. ಪ್ರಶ್ನೆ ಕೇಳಿದ ಹುಡುಗಿಗೇ ಅದು ಮೊದಲು ಕಂಡದ್ದು. 25 ಲಕ್ಷ ವರ್ಷದ ಹಿಂದೆ ಹೊರಟ ಬೆಳಕು ಎಂದಾಗ, "8 ಲಕ್ಷ ಅಂತ ಓದಿದವರೂ ಇದನ್ನೇ ಅಲ್ವಾ ಮಿಸ್ ನೋಡಿದ್ದು" ಎಂದಳು.

ಹಿರಿಯರ ಸಭೆಯಲ್ಲಿ ತೀರ್ಮಾನವಾಗಿದೆ. ಯಾವುದನ್ನೂ ರದ್ದಿಗೆ ಹಾಕುವುದಿಲ್ಲ. 2000ಕ್ಕಿಂತ ಹಿಂದಿನವು ಚೀಟಿ ಇಲ್ಲದೆ ಮನೆಗೆ ಹೋಗುವಂತಿಲ್ಲ, ಹತ್ತನೇ ತರಗತಿಗಿಂತ ಕೆಳಗಿನವರು ಅವುಗಳನ್ನು ಶನಿವಾರ ಅಲ್ಲಿಯೇ ಓದಬೇಕು. ಕಡಲತಡಿ ಅವರ ಮಾತನ್ನು ನಾನೇ ಸಭೆಯಲ್ಲಿ ಓದಿ ಹೇಳಿದೆ, ಈ ಎರಡನೇ ನಿಯಮ ಬಂದದ್ದು ಅದರಿಂದಲೇ. 1948ರ ಪುಸ್ತಕಕ್ಕೆ ಆ ಹುಡುಗಿ ಬರೆದ ಚೀಟಿ ಹೀಗಿದೆ: "ಇದರಲ್ಲಿರುವುದು 1948ರವರೆಗಿನದು. 1952ರಲ್ಲಿ ದೂರಗಳು ಎರಡು ಪಟ್ಟಾದವು. 112ನೇ ಪುಟ ಓದಿದ ಮೇಲೆ ಮೇಲಿನ ಹಲಗೆಯ ನೀಲಿ ಪುಸ್ತಕದ 40ನೇ ಪುಟ ಓದಿ."

ಚೀಟಿಗಳನ್ನು ಸೆಲೊಟೇಪಿನಲ್ಲಿ ಅಂಟಿಸಬಹುದೇ ಎಂದು ಗ್ರಂಥಪಾಲಕಿಯವರನ್ನು ಕೇಳಬೇಕಿತ್ತು.

ಕಡಲತಡಿ

ಆ ನಿಯಮಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಮಗನಿಗೂ ಚೀಟಿಯ ವಿಷಯ ಹೇಳಿದೆ, ಅವನ ಶಾಲೆಯ ಪುಸ್ತಕಕ್ಕೆ ತಾನೇ ಬರೆಯುತ್ತೇನೆ ಎಂದಿದ್ದಾನೆ.

ಗ್ರಂಥಪಾಲಕಿ (ನಿವೃತ್ತ)

ಸೆಲೊಟೇಪ್ ಬೇಡವೇ ಬೇಡ. ಐದಾರು ವರ್ಷಕ್ಕೆ ಹಳದಿಯಾಗಿ, ಕೀಳಲು ಹೋದರೆ ಹಳೆಯ ಕಾಗದವನ್ನೂ ಕಿತ್ತುಕೊಂಡು ಬರುತ್ತದೆ. ಮೈದಾ ಹಿಟ್ಟನ್ನು ನೀರಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಗಂಜಿಯ ಹದಕ್ಕೆ ಕಾಯಿಸಿ ಆರಿಸಿಕೊಳ್ಳಿ. ಹುಳು ಬಾರದಿರಲೆಂದು ಹಿಂದೆ ಚಿಟಿಕೆ ಮೈಲುತುತ್ತ ಸೇರಿಸುತ್ತಿದ್ದೆವು, ಅದು ವಿಷವಾದ್ದರಿಂದ ಮಕ್ಕಳು ಅಂಟಿಸುವಲ್ಲಿ ಬೇಡ. ಚೀಟಿಯ ಮೇಲಂಚಿಗೆ ಮಾತ್ರ ತೆಳುವಾಗಿ ಹಚ್ಚಿ, ಪೂರ್ತಿ ಹಚ್ಚಬೇಡಿ, ಮುಂದೆ ಚೀಟಿಯನ್ನೂ ಬದಲಿಸಬೇಕಾಗುತ್ತದೆ.